ಊರ ಮುಂದಿನ ವೀರಗಲ್ಲು: ಅಗಲಿದವರಿಗೆ ಹಳ್ಳಿ ಸಲ್ಲಿಸಿದ ಋಣ



ಕರ್ನಾಟಕದ ಇತಿಹಾಸವೆಂದೊಡನೆ ನಮ್ಮೆಲ್ಲರ ನೆನಪಿಗೆ ಬರುವುದು ಪುಲಕೇಶಿ, ವಿಷ್ಣುವರ್ಧನ, ಕೃಷ್ಣದೇವರಾಯರ ಹೆಸರುಗಳು. ಬಾದಾಮಿ, ಬೇಲೂರು, ಹಂಪೆಗಳ ಚಿತ್ರಗಳು. ರಾಜ್ಯೋತ್ಸವದ ವೇದಿಕೆಯ ಮೇಲೆ ಈ ವೈಭವವನ್ನು ನಾವು ಪ್ರತಿವರ್ಷವೂ ಸ್ಮರಿಸುತ್ತೇವೆ. ಅದು ಉಚಿತವೇ ಸರಿ. ಆದರೆ ಇಲ್ಲಿ ನೆರೆದಿರುವ ನಮ್ಮಲ್ಲಿ ಅರಸುಕುಲದಿಂದ ಬಂದವರು ವಿರಳ. ನಮ್ಮ ಅಜ್ಜಂದಿರು ಉತ್ತವರು, ಬಿತ್ತಿದವರು, ದನ ಕಾಯ್ದವರು, ಮಗ್ಗದ ಮುಂದೆ ಕುಳಿತವರು, ಶಾನುಭೋಗಿಕೆಯ ಲೆಕ್ಕ ಬರೆದವರು. ಅಂಥವರು ಕಾಲವಾದಾಗ ಅವರ ಊರು ಅವರನ್ನು ಹೇಗೆ ನೆನೆಯಿತು? ಯಾರನ್ನು ನೆನೆಯಿತು, ಯಾರನ್ನು ಮರೆಯಿತು? ಈ ಪ್ರಶ್ನೆಯನ್ನೇ ಇಂದಿನ ಉಪನ್ಯಾಸದ ವಿಷಯವನ್ನಾಗಿ ಆರಿಸಿಕೊಂಡಿದ್ದೇವೆ.

ನಾವು ವೃತ್ತಿಯಿಂದ ವೈದ್ಯರು, ಇತಿಹಾಸಕಾರರಲ್ಲ. ಆದರೂ ಮೂರು ದಶಕಗಳ ಕಾಲ ಮರಣ ಪ್ರಮಾಣಪತ್ರಗಳಿಗೆ ಸಹಿ ಹಾಕುತ್ತ ಬಂದ ಕೈಗೆ ಶಾಸನಗಳ ಸಂಪುಟವೊಂದು ಸಿಕ್ಕಿದಾಗ, ಅದರಲ್ಲಿ ಪರಿಚಿತವಾದುದೇನೋ ಕಾಣಿಸುತ್ತದೆ. ಸತ್ತವನ ಹೆಸರು, ತಂದೆಯ ಹೆಸರು, ಊರು, ಕಾಲ, ಸಾವಿನ ಕಾರಣ ಎಂದು ಆಸ್ಪತ್ರೆಯ ನಮೂನೆಯಲ್ಲಿ ನಾವು ತುಂಬುವ ಅಂಕಣಗಳನ್ನೇ ಸಾವಿರ ವರ್ಷಗಳ ಹಿಂದಿನ ಹಳ್ಳಿಯವರು ಕಲ್ಲಿನ ಮೇಲೆ ತುಂಬಿಸಿದ್ದಾರೆ. ಆ ಕಲ್ಲುಗಳೇ ವೀರಗಲ್ಲುಗಳು.

ನಮ್ಮಲ್ಲಿ ಹಳ್ಳಿಯ ಕಡೆಯವರಾದ ಎಲ್ಲರೂ ವೀರಗಲ್ಲನ್ನು ಕಂಡವರೇ. ಕೆರೆಯ ಏರಿಯ ಮೇಲೆ, ಆಲದ ಮರದ ಬುಡದಲ್ಲಿ, ದೇವಸ್ಥಾನದ ಅಂಗಳದ ಮೂಲೆಯಲ್ಲಿ ಅವು ನಿಂತಿರುತ್ತವೆ. ಸಾಮಾನ್ಯವಾಗಿ ಕಲ್ಲು ಮೂರು ಅಂತಸ್ತುಗಳಾಗಿರುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲು, ಕತ್ತಿ, ಗುರಾಣಿ, ಕೆಲವೆಡೆ ಸಾಲಾಗಿ ನಿಂತ ದನಗಳು. ನಡುವಿನಲ್ಲಿ ಮಡಿದ ವೀರನನ್ನು ಅಪ್ಸರೆಯರು ಕೈಹಿಡಿದು ಮೇಲಕ್ಕೊಯ್ಯುತ್ತಾರೆ. ಮೇಲಿನ ಪಟ್ಟಿಕೆಯಲ್ಲಿ ಅವನು ಶಿವಲಿಂಗದ ಮುಂದೆಯೋ ಜಿನನ ಮುಂದೆಯೋ ಕುಳಿತಿರುತ್ತಾನೆ. ತಲೆಯ ಮೇಲೆ ಸೂರ್ಯಚಂದ್ರರು. ಸೂರ್ಯಚಂದ್ರರಿರುವವರೆಗೆ ಈ ನೆನಪು ಇರಲಿ ಎಂಬುದು ಅದರ ಅರ್ಥ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಹಲವೊಮ್ಮೆ ನಾಲ್ಕಾರು ಸಾಲುಗಳ ಬರಹವಿರುತ್ತದೆ. ಶಿಲ್ಪ ಒರಟಾಗಿರಬಹುದು, ಕಾಗುಣಿತ ತಪ್ಪಿರಬಹುದು. ಆದರೆ ಆ ಸಾಲುಗಳಲ್ಲಿರುವುದು ಆಸ್ಥಾನಕವಿಯ ಹೊಗಳಿಕೆಗಿಂತ ಹೆಚ್ಚಾಗಿ ಊರಿನವರ ಮಾತು.

ಕನ್ನಡದ ಬರಹಕ್ಕೂ ಈ ನೆನಪಿಗೂ ಇರುವ ನಂಟು ಬಹಳ ಹಳೆಯದು. ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನವು ಕಾದಿ ಗೆದ್ದ ವಿಜ ಅರಸನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿಗಳನ್ನು 'ಬಾಳ್ಗಳ್ಚು' ಆಗಿ ಕೊಟ್ಟುದನ್ನು ಹೇಳುತ್ತದೆ. ಬಾಳ್ ಎಂದರೆ ಕತ್ತಿ. ಕತ್ತಿಯನ್ನು ತೊಳೆದು ಕೊಡುವ ದತ್ತಿ ಅದು. ಚಿತ್ರದುರ್ಗದ ಬಳಿಯ ತಮಟಕಲ್ಲಿನಲ್ಲಿ ಗುಣಮಧುರನೆಂಬ ವೀರನ ಸ್ಮಾರಕ ಬರಹವಿದೆ. ಅದು ಪದ್ಯರೂಪದ ಕನ್ನಡದ ಅತಿ ಹಳೆಯ ಮಾದರಿಗಳಲ್ಲೊಂದು. ನಮ್ಮ ಭಾಷೆಗೆ ಲಿಪಿ ದೊರೆತ ಹೊಸದರಲ್ಲಿಯೇ ಅದನ್ನು ಹೋರಾಡಿದವರ ಲೆಕ್ಕವಿಡಲು ಬಳಸಿದ್ದಾರೆಂಬುದು ಗಮನಾರ್ಹ.

ಇನ್ನು ಸಾವಿನ ಕಾರಣಗಳನ್ನು ನೋಡೋಣ. ಅತಿ ಹೆಚ್ಚಾಗಿ ಕಾಣುವುದು 'ತುರುಗೋಳ್', ಅಂದರೆ ದನಗಳ್ಳರ ದಾಳಿ. ಎತ್ತು ಹೋದರೆ ಉಳುಮೆಯಿಲ್ಲ, ಹಸು ಹೋದರೆ ಹಾಲಿಲ್ಲ. ದನದ ಮಂದೆ ಹೋದ ಊರಿಗೆ ಆ ವರ್ಷ ಅನ್ನವಿಲ್ಲ. ಆದಕಾರಣ ದನಗಳನ್ನು ಮರಳಿಸಲು ಹೋಗಿ ಸತ್ತವನು ಇಡೀ ಊರನ್ನು ಬದುಕಿಸಿದವನೆನಿಸಿದನು. ಎರಡನೆಯದು 'ಊರಳಿವು', ಊರಿನ ಮೇಲೆ ಬಿದ್ದ ದಾಳಿ. ಮೂರನೆಯದು 'ಪೆಣ್ಬುಯ್ಯಲ್', ಹೆಣ್ಣುಮಕ್ಕಳ ಮೊರೆಗೆ ಓಗೊಟ್ಟು ಅವರ ಮಾನರಕ್ಷಣೆಗಾಗಿ ಕಾದಿದ ಸಂದರ್ಭ. ಇವಲ್ಲದೆ ಹುಲಿಯೊಡನೆ, ಹಂದಿಯೊಡನೆ ಹೋರಾಡಿ ಮಡಿದವರಿದ್ದಾರೆ, ಗಡಿಜಗಳಗಳಲ್ಲಿ ಬಿದ್ದವರಿದ್ದಾರೆ. ಮಡಿದವರಲ್ಲಿ ಗಾವುಂಡರಿದ್ದಾರೆ, ಬೇಡರಿದ್ದಾರೆ, ಸೆಟ್ಟಿಗಳಿದ್ದಾರೆ, ಮನೆಯ ಆಳುಗಳಿದ್ದಾರೆ. ಅರಸನ ಹೆಸರು ಮೊದಲ ಸಾಲಿನಲ್ಲಿ ಕಾಲವನ್ನು ಗುರುತಿಸುವುದಕ್ಕಾಗಿ ಮಾತ್ರ ಬಂದು ಹೋಗುತ್ತದೆ. ಉಳಿದ ಕಲ್ಲೆಲ್ಲ ಊರಿನವನದು.

ಬೆಂಗಳೂರಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. 2018ರಲ್ಲಿ ಹೆಬ್ಬಾಳದಲ್ಲಿ ರೈಲುಮಾರ್ಗದ ಕೆಲಸ ನಡೆಯುತ್ತಿದ್ದಾಗ ಒಂದು ಕಲ್ಲು ಹೊರಬಂದಿತು. ಅದು ಗಂಗದೊರೆ ಶ್ರೀಪುರುಷನ ಕಾಲದ್ದು, ಕ್ರಿ.ಶ. 750ರ ಆಸುಪಾಸಿನದು. ರಟ್ಟವಾಡಿಯವರು ದಾಳಿಯಿಟ್ಟಾಗ ಹೋರಾಡಿ ಮಡಿದ ಕಿತ್ತಯ್ಯನೆಂಬವನ ಸ್ಮಾರಕವದು. ಇಂದಿನ ಬೆಂಗಳೂರಿನ ಎಲ್ಲೆಯೊಳಗೆ ದೊರೆತ ಅತ್ಯಂತ ಪ್ರಾಚೀನ ಶಾಸನವೆಂದು ಅದನ್ನು ಗುರುತಿಸಲಾಗಿದೆ. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಕ್ರಿ.ಶ. 900ರ ಸುಮಾರಿನ ಕಲ್ಲು ನಾಗತ್ತರನ ಪರಿವಾರದವರು ಬೆಂಗಳೂರಿನ ಕಾಳಗದಲ್ಲಿ ಮಡಿದುದನ್ನು ಹೇಳುತ್ತದೆ. 'ಬೆಂಗಳೂರು' ಎಂಬ ಹೆಸರು ನಮಗೆ ಬರಹದಲ್ಲಿ ಮೊದಲು ಕಾಣುವುದು ಅಲ್ಲಿಯೇ. ಬೆಂದಕಾಳಿನ ಅಜ್ಜಿಯ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಆದರೆ ಆ ಕಥೆಯ ಅರಸ ಹುಟ್ಟುವುದಕ್ಕಿಂತ ಶತಮಾನಗಳ ಮೊದಲೇ ಈ ಕಲ್ಲು ಆ ಊರಿನ ಹೆಸರನ್ನು ಹೊತ್ತು ನಿಂತಿತ್ತು. ಒಂದು ಮಹಾನಗರದ ಹೆಸರನ್ನು ನಮಗೆ ಉಳಿಸಿಕೊಟ್ಟದ್ದು ಸತ್ತವರ ಕಲ್ಲು.

ಆಸ್ಪತ್ರೆಯ ಪ್ರಮಾಣಪತ್ರಕ್ಕೂ ವೀರಗಲ್ಲಿಗೂ ಇರುವ ಹೋಲಿಕೆಯನ್ನು ಹೇಳಿದೆವು. ಆದರೆ ವೀರಗಲ್ಲಿನಲ್ಲಿ ನಮ್ಮ ನಮೂನೆಯಲ್ಲಿಲ್ಲದ ಎರಡು ಅಂಕಣಗಳಿವೆ. ಒಂದು: ಇವನು ಯಾರಿಗಾಗಿ ಸತ್ತನು? ಇನ್ನೊಂದು: ಅವನಿಗಾಗಿ ಊರು ಏನು ಮಾಡಿತು? ಈ ಎರಡನೆಯ ಅಂಕಣವೇ ನಮ್ಮನ್ನು ಹೆಚ್ಚು ಚಿಂತನೆಗೆ ಹಚ್ಚಿದ್ದು. ಏಕೆಂದರೆ ಬಹಳಷ್ಟು ಕಲ್ಲುಗಳು ಶೋಕದೊಡನೆ ಮುಗಿಯುವುದಿಲ್ಲ, ಭೂಮಿಯೊಡನೆ ಮುಗಿಯುತ್ತವೆ. ಸತ್ತವನ ಮನೆಯವರಿಗೆ ಇಷ್ಟು ಗದ್ದೆ, ಇಷ್ಟು ಹೊಲ ಎಂದು ಬರೆದಿರುತ್ತದೆ. ಈ ದತ್ತಿಗೆ 'ಕಲ್ನಾಡು', 'ಕೊಡಗೆ', 'ನೆತ್ತರುಗೊಡಗೆ' ಎಂಬ ಹೆಸರುಗಳಿವೆ. ನೆತ್ತರುಗೊಡಗೆ ಎಂಬ ಪದವನ್ನು ನಿಧಾನವಾಗಿ ಉಚ್ಚರಿಸಿ ನೋಡಬೇಕು. ಸುರಿದ ನೆತ್ತರಿಗೆ ಪ್ರತಿಯಾಗಿ ಕೊಟ್ಟ ನೆಲ. ಅದನ್ನು ಅಳಿಸಿದವರಿಗೆ ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪ ತಗಲಲಿ ಎಂಬ ಶಾಪವೂ ಹಲವೆಡೆ ಸೇರಿರುತ್ತದೆ.

ಅಂದರೆ ನಮ್ಮ ಹಳ್ಳಿಗಳಲ್ಲಿ ನೆನಪು ಎಂಬುದು ಕೇವಲ ಭಾವನೆಯಾಗಿರಲಿಲ್ಲ, ಅದೊಂದು ಹೊಣೆಯಾಗಿತ್ತು. ದುಡಿಯುವ ಕೈ ಹೋಯಿತು, ಒಲೆ ಆರಬಾರದು; ಅದಕ್ಕಾಗಿ ನೆಲ. ಹೆಸರು ಮಾಸಬಾರದು, ಅದಕ್ಕಾಗಿ ಕಲ್ಲು. ಇವೆರಡೂ ಒಂದೇ ಬರಹದಲ್ಲಿ ಸೇರಿದ್ದವು. ಹೆಂಡತಿ ಮಕ್ಕಳನ್ನು ನೋಡಿಕೊಳ್ಳದೆ ಕಲ್ಲನ್ನು ಮಾತ್ರ ನಿಲ್ಲಿಸಿದ್ದರೆ ಅದು ಬರಿಯ ಶೃಂಗಾರವಾಗುತ್ತಿತ್ತು.

ಈ ಹೊಣೆಗಾರಿಕೆ ಎಷ್ಟು ದೂರ ಹೋಗುತ್ತಿತ್ತೆಂಬುದಕ್ಕೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಸಾಕ್ಷಿ. ಕ್ರಿ.ಶ. 949–50ರ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗದೊರೆ ಬೂತುಗನು ಬೇಕಾದುದನ್ನು ಕೇಳೆಂದಾಗ, ಅವನು ಬೇಡಿದ್ದು 'ಕಾಳಿ' ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವು. ಮಣಲೇರನು ನಾಯಿಗಾಗಿ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟನು. ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡ ಅರ್ಚಕನಿಗೆ ನಾಯಿಯ ಪಾಪ ತಟ್ಟುವುದೆಂಬ ಎಚ್ಚರಿಕೆಯೂ ಅದರಲ್ಲಿದೆ. ಸತ್ತದ್ದು ನಾಯಿಯಾದರೂ ಋಣ ಋಣವೇ ಎಂಬ ನಿಲುವು ಇದು.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನಾವು ಹಿಂದಿನ ಕಾಲವನ್ನು ಕುರುಡಾಗಿ ಹೊಗಳಿದಂತಾಗುತ್ತದೆ. ಈ ಲೆಕ್ಕದಲ್ಲಿ ದೊಡ್ಡ ಕೊರತೆಗಳಿವೆ, ಅವನ್ನೂ ಹೇಳಬೇಕು.

ಮೊದಲನೆಯದು ಹೆಣ್ಣಿನ ಲೆಕ್ಕ. ವೀರಗಲ್ಲಿನ ಪಕ್ಕದಲ್ಲಿ ಅನೇಕ ಕಡೆ ಮಾಸ್ತಿಕಲ್ಲು ನಿಂತಿರುತ್ತದೆ. ಕಂಬದಿಂದ ಚಾಚಿದ, ಬಳೆ ತೊಟ್ಟ, ಮೊಣಕೈ ಮಡಿಸಿ ಮೇಲೆತ್ತಿದ ಒಂದು ತೋಳು. ಮಹಾಸತಿ ಎಂಬುದೇ ಮಾಸ್ತಿಯಾಯಿತು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ ಕ್ರಿ.ಶ. 1057ರ ಒಂದು ಶಾಸನವಿದೆ. ನವಿಲೆನಾಡಿನ ಏಚನು ಮಲ್ಲಯುದ್ಧದಲ್ಲಿ ಎದುರಾಳಿಯನ್ನು ಕೊಂದ ಕಾರಣ ಚೋಳರಸನು ಅವನನ್ನು ತಲಕಾಡಿನಲ್ಲಿ ಕೊಲ್ಲಿಸಿದನು. ಸುದ್ದಿ ತಿಳಿದ ಹೆಂಡತಿ ದೇಕಬ್ಬೆ, ತಂದೆತಾಯಿಗಳು ಬೇಡವೆಂದು ಅಂಗಲಾಚಿದರೂ ಕೇಳದೆ ಬೆಂಕಿಯನ್ನು ಹೊಕ್ಕಳು. ಕಾವ್ಯದೃಷ್ಟಿಯಿಂದ ಆ ಶಾಸನ ಶ್ರೇಷ್ಠವಾದುದೆಂದು ವಿದ್ವಾಂಸರು ಮೆಚ್ಚಿದ್ದಾರೆ. ಆದರೆ ಸುಟ್ಟಗಾಯದ ರೋಗಿಗಳನ್ನು ಕಂಡಿರುವ ನಾವು ಆ ಪದ್ಯಗಳನ್ನು ಓದಿ ಸಂತೋಷಪಡಲಾರೆವು. ನಮ್ಮ ಮನಸ್ಸು ನಿಲ್ಲುವುದು ಬೇಡಿಕೊಂಡ ಆ ತಂದೆತಾಯಿಗಳ ಬಳಿ. ಆ ಕಾಲದಲ್ಲಿಯೂ ಬೇಡವೆಂದವರಿದ್ದರು ಎಂಬುದನ್ನು ಆ ಕಲ್ಲೇ ಉಳಿಸಿಕೊಟ್ಟಿದೆ. ಗಂಡನ ಚಿತೆಯನ್ನೇರಿದ ಹೆಣ್ಣಿಗೆ ಕಲ್ಲು ದೊರೆಯಿತು. ಹೆರಿಗೆಯಲ್ಲಿ ಸತ್ತ ಅಸಂಖ್ಯ ತಾಯಂದಿರನ್ನು ಹೀಗೆ ಸಾಲಾಗಿ ಕಲ್ಲಿನಲ್ಲಿ ನಿಲ್ಲಿಸುವ ಪದ್ಧತಿ ಬೆಳೆಯಲಿಲ್ಲ.

ಎರಡನೆಯದು ರೋಗದ ಮತ್ತು ಹಸಿವಿನ ಲೆಕ್ಕ. ಆಯುಧದಿಂದ ಸತ್ತವರನ್ನು ಊರು ಎಣಿಸಿತು. ಜ್ವರದಿಂದ ಸತ್ತವರನ್ನು ಎಣಿಸಲಿಲ್ಲ. 1876ರಿಂದ 1878ರವರೆಗಿನ ಧಾತು–ಈಶ್ವರ ಸಂವತ್ಸರಗಳ ಬರವನ್ನು ನೆನೆಯಿರಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ 55 ಸಾವಿರವಿದ್ದದ್ದು 1881ರ ಗಣತಿಯಲ್ಲಿ ಸುಮಾರು 41 ಲಕ್ಷ 86 ಸಾವಿರಕ್ಕಿಳಿಯಿತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆಯಲ್ಲಿ ಎಂಟೂವರೆ ಲಕ್ಷಕ್ಕೂ ಮಿಕ್ಕಿದ ಕೊರತೆ! ಅವರ ಹೆಸರುಗಳನ್ನು ಹೊತ್ತ ಕಲ್ಲುಗಳಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಇಲಿ ಬಿದ್ದ ಕೂಡಲೆ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರೆಂಬ ಕಥೆಯನ್ನು ನಮ್ಮ ಅಜ್ಜಿಯಂದಿರು ತಮ್ಮ ಹಿರಿಯರಿಂದ ಕೇಳಿ ನಮಗೆ ಹೇಳಿದ್ದಾರೆ. ಆ ಭಯದ ಗುರುತಾಗಿ ಪ್ಲೇಗಮ್ಮನ ಗುಡಿಗಳು ಇಂದಿಗೂ ಇವೆ. ಜನ ರೋಗಕ್ಕೆ ಗುಡಿ ಕಟ್ಟಿದರು; ರೋಗದಿಂದ ಸತ್ತವರಿಗೆ ಕಟ್ಟಲಿಲ್ಲ. 1918ರ ಇನ್‌ಫ್ಲುಯೆಂಜಾ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ಅದಕ್ಕೆ ಗುಡಿಯೂ ಅಪರೂಪ. ಸಾವು ಮನೆಮನೆಗೂ ಬಂದಾಗ ಕಲ್ಲು ಕಡೆಯುವವನೂ ಹಾಸಿಗೆ ಹಿಡಿದಿರುತ್ತಾನೆ.

ಹಾಗೆಂದು ಹಳ್ಳಿ ಅವರನ್ನು ಪೂರ್ತಿ ಮರೆಯಿತೆನ್ನಲಾಗದು. ಮಹಾಲಯ ಅಮಾವಾಸ್ಯೆಯ ದಿನ ಹಳೆಯ ಮೈಸೂರಿನ ಒಕ್ಕಲು ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಹೊಸ ಬಟ್ಟೆಯನ್ನೂ ಸತ್ತವರಿಗೆ ಇಷ್ಟವಾಗಿದ್ದ ತಿನಿಸನ್ನೂ ಇಟ್ಟು, ಬಾಗಿಲು ಮುಂದೆ ಮಾಡಿ, ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲುವ ರೂಢಿ ಕೆಲವು ಕಡೆ ಇದೆ. ಕೊಡವರು ತಮ್ಮ ಮನೆತನದ ಮೂಲಪುರುಷನನ್ನು 'ಕಾರಣ' ಎಂದು ಪೂಜಿಸುತ್ತಾರೆ. ತುಳುನಾಡಿನಲ್ಲಿ ಕೋಟಿ–ಚೆನ್ನಯರನ್ನು ಗರಡಿಗಳೂ ಪಾಡ್ದನಗಳೂ ಉಳಿಸಿಕೊಂಡಿವೆ. ಉತ್ತರ ಕರ್ನಾಟಕದ ಹೆಂಗಸರು 'ಕೆರೆಗೆ ಹಾರ'ದ ಭಾಗೀರಥಿಯನ್ನು ಹಾಡಿನಲ್ಲಿ ಕಾಪಾಡಿದರು. ಕಲ್ಲು ಸಿಗದವರಿಗೆ ಹಾಡು ಮತ್ತು ಎಡೆ ಆಸರೆಯಾದವು. ಆದರೆ ಎಡೆಯ ನೆನಪು ಮೂರು ತಲೆಮಾರಿಗೆ ನಿಲ್ಲುತ್ತದೆ. ಹಾಡುವವರಿಲ್ಲದಿದ್ದರೆ ಹಾಡೂ ಇಲ್ಲ.

ಕಲ್ಲುಗಳಿಗೂ ಕಷ್ಟಗಳಿವೆ. ಕೆಲವು ಬಟ್ಟೆ ಒಗೆಯುವ ಕಲ್ಲುಗಳಾಗಿವೆ, ಕೆಲವು ಕೆರೆಯ ತೂಬಿಗೆ ಚಪ್ಪಡಿಗಳಾಗಿವೆ, ಇನ್ನು ಕೆಲವು ರಸ್ತೆಯ ಅಗಲೀಕರಣದಲ್ಲಿ ಮಣ್ಣುಪಾಲಾಗಿವೆ. ಇವುಗಳಲ್ಲಿನ ಬರಹ ಇಂದು ನಮಗೆ ದೊರೆಯುತ್ತಿದ್ದರೆ ಅದಕ್ಕೆ ಕೆಲವರ ಶ್ರಮ ಕಾರಣ. ಬಿ. ಎಲ್. ರೈಸ್ 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು. ಅವರೂ ಅವರ ಕನ್ನಡ ಪಂಡಿತರೂ ಹಳ್ಳಿಹಳ್ಳಿ ಸುತ್ತಿ 8,800ಕ್ಕೂ ಹೆಚ್ಚು ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಪ್ರಕಟಿಸಿದರು. ರೈಸ್ 1927ರಲ್ಲಿ ಇಂಗ್ಲೆಂಡಿನ ಹ್ಯಾರೋದಲ್ಲಿ ಕಾಲವಾದರು; ಕನ್ನಡ ನಾಡಿನಲ್ಲಿ ಹುಟ್ಟಿ ದೂರದಲ್ಲಿ ಮಡಿದ ಅವರನ್ನು ಹೊರನಾಡಿನ ನಾವು ವಿಶೇಷವಾಗಿ ನೆನೆಯಬೇಕು. ಅನಂತರ ಆರ್. ನರಸಿಂಹಾಚಾರ್ಯರು ಆ ಕೆಲಸವನ್ನು ಮುಂದುವರಿಸಿದರು. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' 1966ರಲ್ಲಿಯೂ, ಆರ್. ಶೇಷಶಾಸ್ತ್ರಿಯವರ 'ಕರ್ನಾಟಕದ ವೀರಗಲ್ಲುಗಳು' 1982ರಲ್ಲಿಯೂ ಪ್ರಕಟವಾದವು. ಷ. ಶೆಟ್ಟರ್ ಅವರು ಸಾವಿನ ಸ್ಮಾರಕಗಳ ಅಧ್ಯಯನಕ್ಕೆ ತಮ್ಮ ಜೀವನದ ಬಹುಭಾಗವನ್ನು ಮುಡಿಪಿಟ್ಟರು. 2021ರಿಂದ ಬೆಂಗಳೂರಿನ ಮಿಥಿಕ್ ಸೊಸೈಟಿಯು ಆ ಪ್ರದೇಶದ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಮೂಲಕ ದಾಖಲಿಸುವ ಕಾರ್ಯವನ್ನು ಕೈಗೊಂಡಿದೆ. ಇದು ಶ್ಲಾಘನೀಯ.

ವೀರಗಲ್ಲಿನ ಪರಂಪರೆ ಹಳೆಯ ಕಾಲಕ್ಕೇ ಮುಗಿಯಲಿಲ್ಲ. ಶಿಕಾರಿಪುರ ತಾಲ್ಲೂಕು ವೀರಗಲ್ಲುಗಳ ಬೀಡು. ಅದೇ ತಾಲ್ಲೂಕಿನ ಈಸೂರಿನ ಜನ 1942ರಲ್ಲಿ ತಮ್ಮ ಹಳ್ಳಿಯನ್ನು ಸ್ವತಂತ್ರವೆಂದು ಸಾರಿದರು. ಅನಂತರದ ಘರ್ಷಣೆಯ ಫಲವಾಗಿ 1943ರ ಮಾರ್ಚ್ ತಿಂಗಳಲ್ಲಿ ಆ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಈಸೂರಿನಲ್ಲಿ ಅವರ ಸ್ಮಾರಕವಿದೆ. ಊರಿಗಾಗಿ ಸತ್ತವರನ್ನು ಊರು ಹೆಸರಿಟ್ಟು ನೆನೆಯಬೇಕೆಂಬ ಹಳೆಯ ನಿಯಮವೇ ಅಲ್ಲಿ ಹೊಸ ರೂಪದಲ್ಲಿ ನಿಂತಿದೆ.

ಇನ್ನು ನಮ್ಮ ಕಾಲಕ್ಕೆ ಬರೋಣ. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಪ್ರತಿಯೊಂದು ಮರಣವನ್ನೂ ದಾಖಲಿಸಬೇಕು. ಗಂಡು ಹೆಣ್ಣು, ಮೇಲು ಕೀಳು ಎನ್ನದೆ ಎಲ್ಲರ ಹೆಸರೂ ಪುಸ್ತಕಕ್ಕೆ ಬರಬೇಕೆಂಬುದು ದೊಡ್ಡ ನ್ಯಾಯ. ವೀರಗಲ್ಲಿನ ಯುಗ ಅದನ್ನು ಸಾಧಿಸಿರಲಿಲ್ಲ. ಆದರೆ ಆ ಪುಸ್ತಕದಲ್ಲಿ ನಾವು ಹೇಳಿದ ಎರಡು ಅಂಕಣಗಳಿಲ್ಲ: ಇವರು ಯಾರಿಗಾಗಿ ಬದುಕಿದರು? ಊರು ಇವರಿಗೆ ಏನು ಬಾಕಿ?

ನಮ್ಮ ಊರುಗಳನ್ನು ನೆನಪಿಸಿಕೊಳ್ಳೋಣ. ಕೆರೆಯ ತೂಬನ್ನು ಎತ್ತಿ ಇಳಿಸಿ ಪ್ರತಿ ಗದ್ದೆಗೂ ನೀರನ್ನು ಸರಿಯಾಗಿ ಹಂಚುತ್ತಿದ್ದ ನೀರುಗಂಟಿ, ನಡುರಾತ್ರಿ ಸಾವಿನ ಸುದ್ದಿಯನ್ನು ಹತ್ತು ಹಳ್ಳಿಗೆ ಒಯ್ಯುತ್ತಿದ್ದ ತೋಟಿ, ಕುಳ ತಟ್ಟಿಕೊಡುತ್ತಿದ್ದ ಕಮ್ಮಾರ, ನಮ್ಮ ಹೊಕ್ಕುಳಬಳ್ಳಿಯನ್ನು ಕೊಯ್ದ ಸೂಲಗಿತ್ತಿ: ಇವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಪ್ರತಿಫಲವಿಲ್ಲದೆ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅದೇ ವರ್ಷ ಡಿಸೆಂಬರ್ 25ರಂದು ಅವರು ಕಾಲವಾದರು. ಅವರ ಹೆಸರಾದರೂ ಉಳಿಯಿತು. ಅವರಂತೆಯೇ ಬಾಳಿದ ನೂರಾರು ತಾಯಂದಿರ ಹೆಸರು ಯಾವ ಸಂಪುಟದಲ್ಲಿಯೂ ಇಲ್ಲ. ಪ್ರಸೂತಿಶಾಸ್ತ್ರವನ್ನು ನಾವು ಗ್ರಂಥಗಳಿಂದ ಕಲಿತೆವು, ನಿಜ. ಆದರೆ ನಮ್ಮಲ್ಲಿ ಎಷ್ಟೋ ಮಂದಿಯ ಮೊದಲ ಉಸಿರಿಗೆ ಸಾಕ್ಷಿಯಾದದ್ದು ಓದು ಬಾರದ ಅಂಥ ಒಬ್ಬಳ ಕೈ.

2020 ಮತ್ತು 2021ರಲ್ಲಿ ಈ ಕೂಟದ ಅನೇಕ ಕುಟುಂಬಗಳು ತಂದೆತಾಯಿಗಳ ಅಂತ್ಯಕ್ರಿಯೆಯನ್ನು ದೂರವಾಣಿಯ ಪರದೆಯ ಮೇಲೆ ನೋಡಬೇಕಾಯಿತು. ವಿಮಾನವಿರಲಿಲ್ಲ, ಅನುಮತಿಯಿರಲಿಲ್ಲ. ಊರಿನಲ್ಲಿ ಹೆಗಲು ಕೊಟ್ಟವರು ನೆರೆಯವರು; ಕೆಲವೆಡೆ ನಮಗೆ ಹೆಸರೂ ತಿಳಿಯದ ಯುವಕರು. ಆ ಋಣವಿನ್ನೂ ನಮ್ಮ ಮೇಲಿದೆ. ಅದನ್ನು ಹಣದಿಂದ ಮಾತ್ರ ತೀರಿಸಲಾಗದು, ಹಣವಿಲ್ಲದೆಯೂ ತೀರಿಸಲಾಗದು. ನಮ್ಮ ಪೂರ್ವಿಕರಿಗೆ ಇದು ತಿಳಿದಿತ್ತು. ಆದುದರಿಂದಲೇ ಅವರು ಕಲ್ಲನ್ನೂ ನೆಲವನ್ನೂ ಒಟ್ಟಿಗೆ ಕೊಟ್ಟರು.

ಹೀಗಿರುವಾಗ ನಾವು ಮಾಡಬಹುದಾದುದೇನು? ನಮ್ಮದು ಸರಳವಾದ ಸೂಚನೆ. ಮುಂದಿನ ಬಾರಿ ಊರಿಗೆ ಹೋದಾಗ ಪ್ರತಿಯೊಬ್ಬರೂ ಒಂದು ಪುಸ್ತಕವನ್ನು ಒಯ್ಯಿರಿ. ಎಂಬತ್ತು ದಾಟಿದ ಹಿರಿಯರ ಬಳಿ ಕುಳಿತು, ಊರಿನಲ್ಲಿ ಆಗಿಹೋದವರ ಹೆಸರುಗಳನ್ನು ಕೇಳಿ ಬರೆದುಕೊಳ್ಳಿ. ಸ್ವಂತ ಮನೆಯವರನ್ನು ಬರೆಯುವುದು ಸುಲಭ. ಮನೆಯ ಹೊರಗಿನವರನ್ನು, ಮುಖ್ಯವಾಗಿ ಊರ ಹೊರಗೆ ಇರಿಸಲ್ಪಟ್ಟವರನ್ನು ಮೊದಲು ಬರೆಯಿರಿ. ಹೆಸರು, ಕಸುಬು, ಸುಮಾರು ಯಾವ ವರ್ಷ ಕಾಲವಾದರು, ಏತರಿಂದ, ಮತ್ತು ಅವರಿಂದ ಊರಿಗೆ ಆದ ಉಪಕಾರವೇನು ಎಂಬ ಐದು ಅಂಕಣಗಳು ಸಾಕು. ಆರನೆಯ ಅಂಕಣವನ್ನು ಖಾಲಿ ಬಿಡಿ: ಅವರ ಮಕ್ಕಳು ಮೊಮ್ಮಕ್ಕಳು ಈಗ ಹೇಗಿದ್ದಾರೆ? ಶಾಲೆಗೆ ಹೋಗುತ್ತಿದ್ದಾರೆಯೆ? ಔಷಧಿಗೆ ಅನುಕೂಲವಿದೆಯೆ? ಆ ಅಂಕಣವನ್ನು ತುಂಬುವುದು ನಮ್ಮ ಕೈಯಲ್ಲಿದೆ. ಕೂಟದ ಪತ್ರಿಕೆಯು ಪ್ರತಿ ಸಂಚಿಕೆಯಲ್ಲಿಯೂ ಒಂದು ಪುಟವನ್ನು ಇಂಥ ಒಬ್ಬರಿಗಾಗಿ ಮೀಸಲಿಟ್ಟರೆ, ಕೆಲವು ವರ್ಷಗಳಲ್ಲಿ ನಮ್ಮೆಲ್ಲರ ಊರುಗಳ ಒಂದು ಸಣ್ಣ ಸಂಪುಟ ಸಿದ್ಧವಾಗುತ್ತದೆ.

ಈ ಕೆಲಸಕ್ಕೆ ಕಾಲ ಹೆಚ್ಚಿಲ್ಲ. ಹೆಸರುಗಳನ್ನು ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಆ ಹೆಸರುಗಳನ್ನು ಕೇಳುವ ದಾರಿ ತಿಳಿಯದು. ನಡುವೆ ಇರುವವರು ನಾವು. ಕಿತ್ತಯ್ಯನ ಊರಿನವರು ಅವನ ಹೆಸರನ್ನು ಕೆತ್ತಿಸಿದ್ದರಿಂದ ಸಾವಿರದ ಇನ್ನೂರು ವರ್ಷಗಳ ಮೇಲೆ ಆ ಹೆಸರು ಮತ್ತೆ ಮಣ್ಣಿನಿಂದ ಎದ್ದುಬಂದಿತು. ನಮ್ಮ ಊರಿನ ನೀರುಗಂಟಿಯ ಹೆಸರನ್ನು ಕಾಗದದ ಮೇಲೆ ಬರೆದಿಡುವುದು ಅದಕ್ಕಿಂತ ಬಹಳ ಸುಲಭವಾದ ಕೆಲಸ.